ಕತ್ತರಿ ಕಾಲಿನ ಗೋಲ್‌ಕೀಪರ್

1921ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಬೆಂಜಮಿನ್ ಹೋವರ್ಡ್ ಬೇಕರ್ ಹೈಜಂಪ್‌ನಲ್ಲಿ 1.95 ಮೀಟರ್ ಜಿಗಿದ. ಹಿಂದಿನ ವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಿಚರ್ಡ್ ಲ್ಯಾಂಡನ್ ಚಿನ್ನ ಗೆದ್ದದ್ದು ಇದಕ್ಕಿಂತ ಕಡಿಮೆ ಎತ್ತರಕ್ಕೆ. ಅಲ್ಲಿ ಬೇಕರ್ ಆರನೆಯವ. ದಿನ ಕೂಡಿಬರಬೇಕು, ಅಷ್ಟೇ. ಈ ಬ್ರಿಟಿಷ್ ದಾಖಲೆ ಮಾತ್ರ ಎರಡು ದಶಕಕ್ಕೂ ಹೆಚ್ಚು ಕಾಲ ಅಲುಗಲಿಲ್ಲ.

ಲಿವರ್‌ಪೂಲ್‌ನ ಈ ಆಸಾಮಿಗೆ ಹೈಜಂಪ್ ಒಂದೇ ಹುಚ್ಚಾಗಿರಲಿಲ್ಲ. ಚೆಲ್ಸಿ, ಎವರ್ಟನ್ ಫುಟ್‌ಬಾಲ್ ತಂಡಗಳಿಗೆ ಗೋಲು ಕಾಯ್ದ, ಅದೂ ಸಂಬಳವಿಲ್ಲದ ಹವ್ಯಾಸಿಯಾಗಿ. ಇಂಗ್ಲೆಂಡ್ ತಂಡಕ್ಕೂ ಆಡಿದ. ಗೋಲಿನ ಮುಂದೆ ಇಂಥ ಕಾಲಿನವನಿದ್ದರೆ ಎದುರಾಳಿಗೆ ಏನನ್ನಿಸಿರಬೇಡ!

ಅವನದು ಕತ್ತರಿ ಜಿಗಿತ. ಪಟ್ಟಿಗೆ ಓರೆಯಾಗಿ ಓಡಿಬಂದು, ಹೊರಗಿನ ಕಾಲನ್ನು ಊರಿ, ಪಟ್ಟಿಯ ಕಡೆಯ ಕಾಲನ್ನು ನೆಟ್ಟಗೆ ಮೇಲಕ್ಕೆ ಬೀಸಬೇಕು. ಅದು ಆಚೆ ಇಳಿಯುವಷ್ಟರಲ್ಲಿ ಊರಿದ್ದ ಕಾಲು ಮೇಲೇರಿ ಬರುತ್ತದೆ. ಎರಡೂ ಕಾಲು ಗಾಳಿಯಲ್ಲಿ ಅದಲುಬದಲಾಗುವ ಆ ಗಳಿಗೆಯಲ್ಲಿ ಜಿಗಿತಗಾರ ಪಟ್ಟಿಯ ಮೇಲೆ ಕೂತಂತೆ ಕಾಣುತ್ತಾನೆ. ತೊಡಕಿರುವುದು ಅಲ್ಲೇ. ಎದೆ, ತೋಳು, ತಲೆ ಎಲ್ಲ ಪಟ್ಟಿಗಿಂತ ಎಷ್ಟೋ ಮೇಲೆ, ಸುಮ್ಮನೆ.

ಕಾಲಿನ ಬಲವೆಲ್ಲ ಖರ್ಚಾಗುವುದು ದೇಹದ ಗುರುತ್ವ ಕೇಂದ್ರವನ್ನು, ಅಂದರೆ ಮೈಯ ತೂಕವೆಲ್ಲ ಒಂದೆಡೆ ನೆಲೆಸಿದಂತಿರುವ ಬಿಂದುವನ್ನು, ಎತ್ತುವುದಕ್ಕೆ. ನಿಂತವನಲ್ಲಿ ಅದು ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಕೈಕಾಲು ಮೇಲೆತ್ತಿದರೆ ತಾನೂ ಮೇಲೇರುತ್ತದೆ. ಆರಡಿ ಮೀರಿದ ಬೇಕರ್ ನೆಲ ಬಿಟ್ಟಾಗ ಅದು ಸುಮಾರು 1.35 ಮೀಟರ್ ಎತ್ತರದಲ್ಲಿತ್ತು ಎಂದಿಟ್ಟುಕೊಳ್ಳಿ. ಕತ್ತರಿಯಲ್ಲಿ ಅದು ಪಟ್ಟಿಗಿಂತ ಹೆಚ್ಚುಕಡಿಮೆ 25 ಸೆಂಟಿಮೀಟರ್ ಮೇಲೆ ಹಾಯಬೇಕು. ಅಂದರೆ 1.95ರ ಜಿಗಿತಕ್ಕೆ 2.20ರವರೆಗೆ ಏರಬೇಕು. ಈ 85 ಸೆಂಟಿಮೀಟರ್ ಏರಲು ನೆಲ ಬಿಡುವಾಗ ಸೆಕೆಂಡಿಗೆ 4 ಮೀಟರ್‌ಗೂ ತುಸು ಹೆಚ್ಚಿನ ಮೇಲ್ಮುಖ ವೇಗ ಬೇಕು.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ, ಬಿಲ್ಲಿನಂತೆ ಬಾಗಿ 2.24 ದಾಟಿದ. ಆ ಭಂಗಿಯಲ್ಲಿ ತಲೆ, ಬೆನ್ನು, ಕಾಲು ಒಂದರ ಹಿಂದೊಂದು ಪಟ್ಟಿ ಹಾಯುತ್ತವೆ. ಗುರುತ್ವ ಕೇಂದ್ರ ಪಟ್ಟಿಯ ಕೆಳಗೇ ನುಸುಳಲೂಬಹುದು. ಬೇಕರ್‌ನ ಅದೇ ಚಿಮ್ಮು ಈ ಭಂಗಿಗೆ ಸಿಕ್ಕಿದ್ದರೆ, ನನ್ನ ಒರಟು ಲೆಕ್ಕದಲ್ಲಿ, 2.15ರ ಹತ್ತಿರ ಹೋಗುತ್ತಿತ್ತು.

ಆದರೆ ಅವನು ಬೀಳಬೇಕಿದ್ದುದು ಮರಳಿಗೆ. ಫೋಮ್ ಹಾಸಿಗೆ ಇಲ್ಲದ ಕಾಲದಲ್ಲಿ ಬೆನ್ನ ಮೇಲೆ ಬೀಳುವುದೆಂದರೆ ಕತ್ತಿನ ಆಸೆ ಬಿಟ್ಟಂತೆ. ತಲೆ ಮುಂದೆ ಮಾಡಿ ಧುಮುಕುವುದಕ್ಕೆ ನಿಯಮವೂ ಒಪ್ಪುತ್ತಿರಲಿಲ್ಲ. 1912ರಲ್ಲೇ ಅಮೆರಿಕದ ಜಾರ್ಜ್ ಹೊರೈನ್ ಪಟ್ಟಿಯ ಮೇಲೆ ಪಕ್ಕಕ್ಕೆ ಹೊರಳಿ 2 ಮೀಟರ್ ಮುಟ್ಟಿದ್ದನಾದರೂ ಬೇಕರ್ ಕತ್ತರಿಯನ್ನೇ ನೆಚ್ಚಿದ.

ಅವನ ಮೊದಲ ಒಲಿಂಪಿಕ್ಸ್ 1912ರ ಸ್ಟಾಕ್‌ಹೋಮ್. ಅದೇ ಕ್ರೀಡಾಂಗಣದಲ್ಲಿ 1987ರ ಜೂನ್ 30ರಂದು ಸ್ವೀಡನ್ನಿನ ಪ್ಯಾಟ್ರಿಕ್ ಶೋಬರ್ಗ್ ಬೆನ್ನು ಬಿಲ್ಲಾಗಿಸಿ 2.42 ಜಿಗಿದು ವಿಶ್ವದಾಖಲೆ ಬರೆದ. ಬೇಕರ್ ಆಗಿನ್ನೂ ಬದುಕಿದ್ದ. ವಯಸ್ಸು 95. ತೀರಿಕೊಂಡದ್ದು ಆ ಸೆಪ್ಟೆಂಬರಿನಲ್ಲಿ.