ಹೂವಿದೆ, ಕಾಯಿ ಎಲ್ಲಿ?

ಮಾಲೂರು ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. "ಸಾರ್, ಗಿಡ ನನಗಿಂತ ಎತ್ತರ ಬೆಳೆದಿದೆ. ಮೈತುಂಬ ಹೂವು. ಕಾಯಿ ಮಾತ್ರ ಕಚ್ತಾ ಇಲ್ಲ. ಯಾವ ಔಷಧಿ ಹೊಡೀಲಿ?"

ಪ್ಲಾಸ್ಟಿಕ್ ಶೀಟ್ ಹೊದಿಸಿ, ಸುತ್ತ ಬಲೆ ಕಟ್ಟಿದ ಹೊಸ ಪಾಲಿಹೌಸ್, ಮೊದಲ ಬೆಳೆಯೇ ಟೊಮೆಟೊ. ಹೋಗಿ ನೋಡಿದೆ. ರೋಗ ಏನೂ ಇಲ್ಲ. ಬೆಳಗ್ಗೆ ಹತ್ತೂವರೆ ಆಗಿತ್ತು, ಹೂವಿನ ಮೇಲಿನ ತೇವ ಆರಿತ್ತು. ಒಂದು ಗೊಂಚಲಿನ ಕೆಳಗೆ ಮೊಬೈಲ್ ಹಿಡಿದು, ಗಿಡ ಕಟ್ಟಿದ್ದ ದಾರವನ್ನು ಬೆರಳಿನಿಂದ ಮೀಟಿದೆ. ಕಪ್ಪು ಸ್ಕ್ರೀನ್ ಮೇಲೆ ಹಳದಿ ಪುಡಿ ಉದುರಿತು. "ಇದೇ ನಿಮ್ಮ ಔಷಧಿ" ಅಂದೆ. ಅವರು ನಂಬಲಿಲ್ಲ.

ಟೊಮೆಟೊ ಹೂವಿನ ಪರಾಗ ಒಂದು ಪುಟ್ಟ ಕೊಳವೆಯೊಳಗೆ ಇರುತ್ತದೆ. ಉಪ್ಪಿನ ಡಬ್ಬಿಯ ಹಾಗೆ, ಅಲ್ಲಾಡಿಸಿದರೇ ಬೀಳೋದು. ಬಯಲಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ, ಗುಂಯ್‌ಗುಡುವ ದುಂಬಿ ಮಾಡುತ್ತದೆ. ಅದಕ್ಕೆ ನಾವು ಕೂಲಿ ಕೊಡಲ್ಲ, ಹಾಗಾಗಿ ಲೆಕ್ಕಕ್ಕೂ ಹಿಡಿಯಲ್ಲ. ಪಾಲಿಹೌಸ್ ಒಳಗೆ ಗಾಳಿಯೂ ಕಮ್ಮಿ, ದುಂಬಿಯೂ ಇಲ್ಲ. ಜೇನುಪೆಟ್ಟಿಗೆ ಇಟ್ಟರೂ ಅಷ್ಟು ಉಪಯೋಗವಿಲ್ಲ. ಟೊಮೆಟೊ ಹೂವಿನಲ್ಲಿ ಮಕರಂದವೇ ಇಲ್ಲ, ಜೇನುಹುಳಕ್ಕೆ ಹೂವನ್ನು ನಡುಗಿಸಲೂ ಬರಲ್ಲ. ನೆದರ್‌ಲ್ಯಾಂಡ್ಸ್‌ನ ಗಾಜಿನ ಮನೆಗಳಲ್ಲಿ ಬಂಬಲ್‌ಬೀ ಗೂಡುಗಳನ್ನೇ ಇಡುತ್ತಾರೆ. ನಮ್ಮಲ್ಲಿ ಒಬ್ಬ ಮನುಷ್ಯ, ಒಂದು ಕೋಲು. ಒಂದು ದಿನ ಬಿಟ್ಟು ಒಂದು ದಿನ, ಬೆಳಗ್ಗೆ, ಗಿಡದ ದಾರ ಕಟ್ಟಿದ ತಂತಿ ತಟ್ಟುತ್ತಾ ಹೋಗಬೇಕು.

ಒಳಗಿನ ಲಾಭ ಸುಳ್ಳಲ್ಲ. ಹಣ್ಣಾಗುವ ಹೊತ್ತಿಗೆ ಮಳೆ ಹಿಡಿದರೆ ಬಯಲ ಬೆಳೆಯ ಗತಿ ಗೊತ್ತಲ್ವಾ? ಹಣ್ಣು ಸೀಳುತ್ತದೆ, ಎಲೆ ಒದ್ದೆಯಾಗಿ ತಡ ಅಂಗಮಾರಿ (ಲೇಟ್ ಬ್ಲೈಟ್) ಬಂದರೆ ವಾರದಲ್ಲಿ ತೋಟ ಸುಟ್ಟ ಹಾಗೆ ಕಾಣುತ್ತದೆ. ಶೀಟಿನ ಕೆಳಗೆ ಎಲೆ ಒಣಗಿರುತ್ತದೆ, ಆ ಭಯ ಅಷ್ಟಿಲ್ಲ. ಬಲೆ ಸರಿಯಾಗಿದ್ದರೆ ಎಲೆಮುದುಡು ರೋಗ ಹರಡುವ ಬಿಳಿನೊಣವೂ ಹೊರಗೇ ಉಳಿಯುತ್ತದೆ. ಆದರೆ ಬಲೆಯ ಕಣ್ಣು ಸಣ್ಣದಾದಷ್ಟೂ ಒಳಗೆ ಶೆಕೆ. ಶೆಕೆ ತಡೆಯಲಾರದೆ ಕೂಲಿಯವರು ಬಾಗಿಲಿಗೆ ಕಲ್ಲು ಒರಗಿಸಿ ತೆರೆದಿಡುತ್ತಾರೆ. ಆ ಕಲ್ಲನ್ನು ನಾನು ನೋಡದ ಪಾಲಿಹೌಸ್ ಕಮ್ಮಿ.

ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ ಇದ್ದರೆ ಒಳಗೆ 40ರ ಹತ್ತಿರ ಹೋಗುತ್ತದೆ. ಆಗ ಪರಾಗವೇ ಸಾಯುತ್ತದೆ, ಎಷ್ಟು ತಟ್ಟಿದರೂ ಅಷ್ಟೇ. ಕಚ್ಚಿದ ಕಾಯಿಗೂ ಕೆಂಪು ಸರಿಯಾಗಿ ಏರಲ್ಲ, ತೊಟ್ಟಿನ ಹತ್ತಿರ ಹಳದಿಯಾಗಿಯೇ ಉಳಿಯುತ್ತದೆ.

ಇನ್ನು ಮಣ್ಣು. ಬೇರುಗಂಟಿನ ಜಂತುಹುಳು ಬಿದ್ದರೆ, ಬೆಳೆ ಮುಗಿದ ಮೇಲೆ ಕಿತ್ತ ಬೇರು ಹಸಿಶುಂಠಿಯ ಹಾಗೆ ಗಂಟುಗಂಟಾಗಿರುತ್ತದೆ. ಬಯಲಲ್ಲಾದರೆ ಒಂದು ಬೆಳೆ ರಾಗಿ ಹಾಕಿ ಅದರ ಕಾಟ ಇಳಿಸಬಹುದು. ಲಕ್ಷಾಂತರ ಸುರಿದ ಪಾಲಿಹೌಸ್‌ನಲ್ಲಿ ರಾಗಿ ಬಿತ್ತೋರು ಯಾರು?

ನನ್ನ ನಿಜವಾದ ತಕರಾರು ಲೆಕ್ಕದ್ದು. ಚೆನ್ನಾಗಿ ಕಡ್ಡಿ ಕಟ್ಟಿ, ಡ್ರಿಪ್ ಹಾಕಿದ ಬಯಲಲ್ಲಿ ಎಕರೆಗೆ 30 ಟನ್ ಬಂತು ಅನ್ನಿ. ಪಾಲಿಹೌಸ್‌ನಲ್ಲಿ ಅದರ ಎರಡರಷ್ಟು, 60 ಟನ್. ಎರಡೂ ಹೋಗುವುದು ಕೋಲಾರದ ಅದೇ ಮಾರುಕಟ್ಟೆಗೆ, ಅದೇ 15 ಕೆ.ಜಿ. ಬಾಕ್ಸ್‌ನಲ್ಲಿ, ಅದೇ ಹರಾಜಿಗೆ. ಇದು ಪಾಲಿಹೌಸ್ ಹಣ್ಣು ಅಂತ ಯಾರೂ ಜಾಸ್ತಿ ಕೂಗಲ್ಲ. ಬಾಕ್ಸ್‌ಗೆ 150 ರೂಪಾಯಿ ಸಿಕ್ಕರೆ ಕೆ.ಜಿ.ಗೆ 10. ಅಲ್ಲಿಗೆ ಪಾಲಿಹೌಸ್‌ನಿಂದ ಹೆಚ್ಚಿಗೆ ಬಂದದ್ದು 3 ಲಕ್ಷ. ಅದರಲ್ಲಿ ಕೂಲಿ, ಗೊಬ್ಬರ ಕಳೆಯಬೇಕು. ಎಕರೆ ಪಾಲಿಹೌಸ್ ಕಟ್ಟಿಸೋಕೆ 30 ಲಕ್ಷಕ್ಕೂ ಮೇಲೆ. ಸಬ್ಸಿಡಿ ಕಳೆದರೂ ಸಾಲ ಸಾಲವೇ. ಮೂರ್ನಾಲ್ಕು ವರ್ಷಕ್ಕೆ ಶೀಟ್ ಬೇರೆ ಬದಲಾಯಿಸಬೇಕು.

2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ ಅಂತ ಕೇಳುತ್ತಾರೆ. ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ವರ್ಷಗಳೂ ಇವೆ. ಮೇಲ್ಗಡೆಯ ಶೀಟ್ ಮಳೆ ತಡೆಯುತ್ತೆ, ರೇಟ್ ಬೀಳೋದನ್ನ ತಡೆಯಲ್ಲ. ನಮ್ಮ ಕಡೆಯ ಪಾಲಿಹೌಸ್‌ಗಳಲ್ಲಿ ಕ್ಯಾಪ್ಸಿಕಂ, ಗುಲಾಬಿ, ಸೌತೆ ಇರುವುದು ಸುಮ್ನೆ ಅಲ್ಲ. ಚೆರ್ರಿ ಟೊಮೆಟೊಗೆ ಹೋಟೆಲ್‌ನವರು ಮೊದಲೇ ದರ ಮಾತಾಡಿದ್ದರೆ ಅದು ಬೇರೆ ಮಾತು.

ಟೊಮೆಟೊಗೆ ಮರೆ ಬೇಕಾದದ್ದು ಬೆಳೆಗಿಂತ ಮೊದಲು, ಸಸಿಗೆ. ಪ್ರೋಟ್ರೇಯಲ್ಲಿ, ಅಂದರೆ ಗುಳಿಗಳಿರುವ ಸಸಿ ತಟ್ಟೆಯಲ್ಲಿ, 25-30 ದಿನ ಬಲೆಯ ಕೆಳಗೆ ಬೆಳೆದ ಸಸಿ ಎಲೆಮುದುಡು ವೈರಸ್ ಹೊತ್ತು ಹೊಲಕ್ಕೆ ಬರಲ್ಲ. ಅದರ ಜೊತೆಗೆ ತಳಿಯನ್ನೂ ನೋಡಿ ಆರಿಸಿ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ಇದೆಯಲ್ಲ, ಅದು ಎಲೆಮುದುಡು, ಸೊರಗು ರೋಗ, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯೋಕೆ ಅಂತಲೇ ಮಾಡಿದ ತಳಿ.

ಮಾಲೂರಿನವರು ಈ ಸಲ ಒಳಗೆ ಕ್ಯಾಪ್ಸಿಕಂ ಹಾಕಿದ್ದಾರೆ. ಟೊಮೆಟೊ ಹೊರಗೆ, ಸಸಿಗೆ ಮಾತ್ರ ಒಂದು ಮೂಲೆ. ನೀವು ಸಸಿ ಕೊಳ್ಳುವವರಾದರೆ ನರ್ಸರಿಯಲ್ಲಿ ಮೊದಲು ಸಸಿ ನೋಡಬೇಡಿ, ಬಲೆ ನೋಡಿ. ಹರಿದಿದ್ದರೆ ಬೇರೆ ನರ್ಸರಿಗೆ ಹೋಗಿ.