ಅಜ್ಜಿಗೆ ಸೊನ್ನೆ, ಅಜ್ಜನಿಗೆ ಮುಕ್ಕಾಲು

ಆಲ್ದೂರಿನಲ್ಲಿ ಬಸ್ಸು ನಿಂತಾಗ ಬೆಳಗ್ಗೆ 11 ಗಂಟೆ. ಮೂಡಿಗೆರೆ ಕಡೆಯಿಂದ ಚಿಕ್ಕಮಗಳೂರಿಗೆ ಹೋಗುವ ಕೆಂಪು ಬಸ್ಸು, ಅರ್ಧಕ್ಕರ್ಧ ಖಾಲಿ. ಒಬ್ಬರು ಅಜ್ಜಿ, ಹಿಂದೆಯೇ ಅಜ್ಜ ಹತ್ತಿದರು. ಅಜ್ಜಿ ಪುಟ್ಟ ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದರು. ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟರು. ಅಜ್ಜ ಅಂಗಿ ಜೇಬು, ಒಳಜೇಬು, ಕೊನೆಗೆ ಕೊಡೆ ಸಿಕ್ಕಿಸಿದ್ದ ಚೀಲ ಎಲ್ಲವನ್ನೂ ತಡಕಿದರು. ಕಾರ್ಡ್ ಮನೆಯಲ್ಲೇ ಉಳಿದಿತ್ತು. 60 ದಾಟಿದವರಿಗೆ ಶೇ. 25 ರಿಯಾಯಿತಿ ಇದೆ ನಿಜ, ಆದರೆ ವಯಸ್ಸಿಗೆ ಪುರಾವೆ ಬೇಕಲ್ಲ. ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತಗೊಂಡರು.

“ಅವಳು ಸರ್ಕಾರದ ಮಗಳು, ನಾನು ಅಳಿಯ” ಅಂದರು ಪಕ್ಕದಲ್ಲಿ ಕೂತು. “ಅಳಿಯನಿಗೆ ಮರ್ಯಾದೆ ಇಲ್ಲದ ಮನೆ ಇದೊಂದೇ ನೋಡಿ.”

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹಿರಿಯರಲ್ಲಿ ಹೀಗೆ ಎರಡು ಪಂಗಡ ಆಗಿವೆ. ಅಜ್ಜಿಗೆ ಪೂರ್ತಿ ಉಚಿತ, ಅದೂ ಅವರು ಹೆಂಗಸು ಅನ್ನುವ ಕಾರಣಕ್ಕೆ, ಹಿರಿಯರು ಅಂತಲ್ಲ. ಅಜ್ಜನಿಗೆ ಮುಕ್ಕಾಲು ಟಿಕೆಟ್. ಪಕ್ಕದ ಮಹಾರಾಷ್ಟ್ರದಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದ ಎಲ್ಲರಿಗೂ ಸರ್ಕಾರಿ ಬಸ್ಸು ಉಚಿತ, 65ರಿಂದ 75ರವರೆಗೆ ಅರ್ಧ. ಚೆನ್ನೈನ ನಗರ ಬಸ್ಸುಗಳಲ್ಲಿ 60 ದಾಟಿದವರಿಗೆ ತಿಂಗಳಿಗೆ 10 ಉಚಿತ ಟೋಕನ್. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಕೊರೊನಾ ಹೊತ್ತಿಗೆ ನಿಂತಿತು. ಕೊರೊನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ.

ಹಿರಿಯರಿಗೆಲ್ಲ ಬಸ್ಸು ಉಚಿತ ಮಾಡಬೇಕಾ? ಈ ಮಾತು ಎದ್ದರೆ ಟೀ ಅಂಗಡಿಯಲ್ಲಿ ಅದು ರಾಜಕೀಯ ಆಗಿಬಿಡುತ್ತದೆ. ಆದರೆ ಇದರಲ್ಲಿ ಅಳೆದು ನೋಡಬಹುದಾದ ಭಾಗವೂ ಜಾಸ್ತಿಯೇ ಇದೆ.

ಮೊದಲು ಒಂದು ತೊಡಕು. ಬಸ್ಸಲ್ಲಿ ಓಡಾಡುವ ಹಿರಿಯರು ಗಟ್ಟಿಮುಟ್ಟಾಗಿರುತ್ತಾರೆ. ಹಾಗಂತ ಬಸ್ಸೇ ಅವರನ್ನು ಗಟ್ಟಿ ಮಾಡಿತು ಅನ್ನಲು ಬರುವುದಿಲ್ಲ. ಗಟ್ಟಿ ಇದ್ದವರೇ ಬಸ್ಸು ಹತ್ತುತ್ತಾರೆ, ಹಾಸಿಗೆ ಹಿಡಿದವರು ಹತ್ತುವುದಿಲ್ಲ, ಅಷ್ಟೇ ಇರಬಹುದು. ಹಾಗಾದರೆ ಬಸ್ಸಿನ ಪಾಲು ಎಷ್ಟು ಅಂತ ತಿಳಿಯುವುದು ಹೇಗೆ? ಕೆಲವರಿಗೆ ಪಾಸ್ ಕೊಟ್ಟು ಕೆಲವರಿಗೆ ಇಲ್ಲ ಅನ್ನುವುದು ನ್ಯಾಯವಲ್ಲ.

ಇಂಗ್ಲೆಂಡಿನಲ್ಲಿ ಸರ್ಕಾರವೇ ಗೊತ್ತಿಲ್ಲದೆ ಈ ಪ್ರಯೋಗ ಮಾಡಿಕೊಟ್ಟಿತು. 2006ರಲ್ಲಿ ಅಲ್ಲಿ 60 ದಾಟಿದವರಿಗೆ ಸ್ಥಳೀಯ ಬಸ್ಸು ಉಚಿತವಾಯಿತು. 2008ರಿಂದ ಅದೇ ಪಾಸ್ ಇಡೀ ಇಂಗ್ಲೆಂಡಿನಲ್ಲಿ ನಡೆಯತೊಡಗಿತು. 59 ವರ್ಷದವನಿಗೂ 60 ವರ್ಷದವನಿಗೂ ದೇಹದಲ್ಲಿ ದೊಡ್ಡ ವ್ಯತ್ಯಾಸ ಏನೂ ಇರುವುದಿಲ್ಲ, ಆದರೆ ಆಗ ಒಬ್ಬನ ಜೇಬಲ್ಲಿ ಪಾಸ್ ಇತ್ತು, ಇನ್ನೊಬ್ಬನ ಜೇಬಲ್ಲಿ ಇರಲಿಲ್ಲ. 50 ದಾಟಿದವರನ್ನು 2002ರಿಂದ ವರ್ಷಾನುಗಟ್ಟಲೆ ಹಿಂಬಾಲಿಸಿಕೊಂಡು ಬಂದ ಒಂದು ದೊಡ್ಡ ಸಮೀಕ್ಷೆ ಆ ದೇಶದಲ್ಲಿತ್ತು. ಅದನ್ನಿಟ್ಟುಕೊಂಡು ಸಂಶೋಧಕರು ಹೋಲಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪಾಸ್ ಸಿಗುವ ವಯಸ್ಸಿಗೆ ಬಂದವರು ಬಸ್ಸು ಜಾಸ್ತಿ ಹತ್ತಿದರು. ಹತ್ತಿದ್ದರಿಂದ ಖಿನ್ನತೆಯ ಲಕ್ಷಣಗಳು ಇಳಿದವು, ಒಂಟಿತನ ಕಮ್ಮಿಯಾಯಿತು, ಮಕ್ಕಳು ಮತ್ತು ಗೆಳೆಯರ ಒಡನಾಟ ಹೆಚ್ಚಿತು. ಅದಕ್ಕೂ ಮೊದಲು, 2012ರಲ್ಲಿ ಬಂದ ಇನ್ನೊಂದು ಅಧ್ಯಯನ ಪಾಸ್ ಇದ್ದವರು ವಾರಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನಡೆಯುವ ಸಾಧ್ಯತೆ ಜಾಸ್ತಿ ಅಂತ ತೋರಿಸಿತ್ತು.

ಬಸ್ಸಿನಲ್ಲಿ ಕೂತರೆ ನಡಿಗೆ ಹೇಗೆ ಹೆಚ್ಚುತ್ತದೆ ಅಂತ ಕೇಳಬಹುದು. ಬಸ್ಸು ಯಾರ ಮನೆ ಬಾಗಿಲಿಗೂ ಬರುವುದಿಲ್ಲವಲ್ಲ. ಗೇಟಿನಿಂದ ರಸ್ತೆಗೆ, ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ, ಅಲ್ಲಿಂದ ಮಾರ್ಕೆಟ್ಟಿಗೆ. ಯಾರೂ ಅದನ್ನು ವ್ಯಾಯಾಮ ಅನ್ನುವುದಿಲ್ಲ. ನಮ್ಮೂರ ಕಡೆ ತೋಟದ ಮನೆಯಿಂದ ಟಾರು ರಸ್ತೆಗೆ ಬರುವಷ್ಟರಲ್ಲೇ ಒಂದು ಏರು, ಒಂದು ಇಳಿಜಾರು, ಮಳೆಗಾಲವಾದರೆ ನಾಲ್ಕಾರು ಇಂಬಳ. ಡಾಕ್ಟರು ಹೇಳಿದ ವಾಕಿಂಗ್ ಅದರಲ್ಲೇ ಮುಗಿದಿರುತ್ತದೆ.

ಒಂದು ಎಚ್ಚರ. ಇಂಗ್ಲೆಂಡಿನ ಫಲಿತಾಂಶ ತಂದು ಮೂಡಿಗೆರೆಯಲ್ಲಿ ಹಾಗೇ ನೆಟ್ಟರೆ ಬೇರು ಹಿಡಿಯುವುದಿಲ್ಲ. ಅಲ್ಲಿನ ಬಸ್ಸು ಬಾಗಿಲ ಹತ್ತಿರ ತಗ್ಗಾಗಿರುತ್ತದೆ. ನಮ್ಮದು?

ಆ ಅಜ್ಜ ಹತ್ತಿದ್ದನ್ನು ನಾನು ನೋಡಿದ್ದೆ. ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಕಂಬಿ. ಮೊದಲ ಮೆಟ್ಟಿಲಿಗೆ ಬಲಗಾಲು ಇಟ್ಟರು, ನಿಂತರು, ಉಸಿರು ಎಳೆದುಕೊಂಡರು, ಆಮೇಲೆ ಮೈ ಎತ್ತಿದರು. ಇದರ ಲೆಕ್ಕ ಹಾಕೋಣ, ಹೈಸ್ಕೂಲು ಭೌತಶಾಸ್ತ್ರ ಸಾಕು. ಅಜ್ಜನ ತೂಕ 60 ಕಿಲೋ ಅನ್ನಿ. ಮೆಟ್ಟಿಲಿನ ಎತ್ತರ 40 ಸೆಂಟಿಮೀಟರ್ ಅನ್ನಿ, ರಸ್ತೆ ಅಂಚು ಕೊರೆದು ಹೋದ ಕಡೆ ಇನ್ನೂ ಜಾಸ್ತಿ. 60ನ್ನು 9.8ರಿಂದ, ಅದನ್ನು 0.4ರಿಂದ ಗುಣಿಸಿದರೆ ಸುಮಾರು 235 ಜೂಲ್. ಮನೆಯ ಮೆಟ್ಟಿಲು 16 ಸೆಂಟಿಮೀಟರ್ ಇದ್ದರೆ ಬೇಕಾಗುವುದು 94 ಜೂಲ್ ಮಾತ್ರ. ಈ 235 ಜೂಲನ್ನು ಅವರು 2 ಸೆಕೆಂಡಿನಲ್ಲಿ ಹತ್ತಿ ಮುಗಿಸಿದರೆ ಕಾಲು ಕೊಡಬೇಕಾದ ಶಕ್ತಿ 118 ವಾಟ್. “ಬೇಗ ಬೇಗ ಹತ್ತಿ” ಅನ್ನುವ ಕೂಗಿಗೆ ಹೆದರಿ 1 ಸೆಕೆಂಡಿನಲ್ಲಿ ಹತ್ತಿದರೆ 235 ವಾಟ್. ಅದೂ ಒಂದೇ ಕಾಲಿನಿಂದ.

ವಯಸ್ಸಾದ ಮೇಲೆ ನಮ್ಮ ಕೈಬಿಡುವುದು ಇದೇ. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ಮೇಲೆ ಇನ್ನೂ ಬೇಗ. ಆದರೆ ಸ್ನಾಯು ಕರಗಿದ್ದಕ್ಕಿಂತ ಹೆಚ್ಚು ವೇಗವಾಗಿ ಕಮ್ಮಿಯಾಗುವುದು ಬಲವನ್ನು ತಟ್ಟನೆ ಹೊಮ್ಮಿಸುವ ತಾಕತ್ತು. ಚಟಕ್ಕನೆ ಕೆಲಸ ಮಾಡುವ ಸ್ನಾಯು ಎಳೆಗಳೇ ಮುಂಚೆ ಸೊರಗುತ್ತವೆ. ಹಾಗಾಗಿ ಅದೇ ಅಜ್ಜ ಗದ್ದೆಯಲ್ಲಿ ನಿಧಾನಕ್ಕೆ ಮೂಟೆ ಎತ್ತಿಯಾರು, ಬಸ್ಸಿನ ಮೆಟ್ಟಿಲನ್ನು ಅವಸರದಲ್ಲಿ ಹತ್ತಲಾರರು. ಭಾರ ಅಷ್ಟೇ, ಸಮಯ ಮಾತ್ರ ಇಲ್ಲ. ಕಂಡಕ್ಟರ್ 2 ಸೆಕೆಂಡು ತಾಳಿದರೆ ಅಜ್ಜನ ವಯಸ್ಸು ಹತ್ತು ವರ್ಷ ಇಳಿದ ಹಾಗೆ. ಇದಕ್ಕೆ ಸರ್ಕಾರಿ ಆದೇಶ ಬೇಡ, ಬಜೆಟ್ ಬೇಡ. (ಕಂಡಕ್ಟರುಗಳಿಗೆ ಟೈಮಿನ ಕಾಟ ಇದೆ ಅನ್ನುವುದೂ ಗೊತ್ತು. ಬೈಗುಳ ತಿನ್ನುವವರು ಅವರೇ.)

ಇಂಗ್ಲೆಂಡಿನ ಅಜ್ಜನಿಗೆ ದುಡ್ಡಿನ ಗೋಡೆ ತೆಗೆದ ಕೂಡಲೇ ದಾರಿ ಖಾಲಿ. ನಮ್ಮ ಅಜ್ಜನಿಗೆ ಅದರ ಹಿಂದೆ ಮೆಟ್ಟಿಲಿನ ಗೋಡೆ ಇದೆ, ಅದರ ಹಿಂದೆ ಇನ್ನೂ ಒಂದು. ಅದಕ್ಕೆ ಆಮೇಲೆ ಬರೋಣ.

ದುಡ್ಡಿನ ಗೋಡೆಯೇನೂ ಸಣ್ಣದಲ್ಲ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದ ಬಡವರಿಗೆ ಬರುವುದು ತಿಂಗಳಿಗೆ 1,200 ರೂಪಾಯಿ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು. ಬಿಪಿ ಮಾತ್ರೆಗೆ, ಕಣ್ಣಿನ ಚೆಕಪ್ಪಿಗೆ ಅಂತ ತಿಂಗಳಿಗೆ ಎರಡು ಸಲ ಜಿಲ್ಲಾ ಕೇಂದ್ರಕ್ಕೆ ಹೋಗಿಬಂದರೆ ಆ 1,200ಕ್ಕೆ ತೂತು ಬಿತ್ತು.

ಹಾಗಾದರೆ ರಿಯಾಯಿತಿಯನ್ನು 25ರಿಂದ 50ಕ್ಕೆ ಏರಿಸಿದರೆ ಸಾಲದೇ, ಸೊನ್ನೆಯೇ ಯಾಕೆ? ಸಾರಿಗೆ ಲೆಕ್ಕದವರ ಬಳಿ ಒಂದು ಹಳೇ ಸೂತ್ರ ಇದೆ. ದರ ಶೇ. 3 ಏರಿದರೆ ಪ್ರಯಾಣಿಕರು ಶೇ. 1 ಇಳಿಯುತ್ತಾರೆ. ತಿರುಗಿಸಿ ನೋಡಿದರೆ ಶೇ. 25 ರಿಯಾಯಿತಿಗೆ ಪ್ರಯಾಣ ಹೆಚ್ಚುವುದು ಶೇ. 8ರಷ್ಟು. ಅಷ್ಟೇನಾ ಅನ್ನಿಸುತ್ತದೆ. ಆದರೆ ಸೊನ್ನೆ ಈ ಸೂತ್ರಕ್ಕೆ ಬಗ್ಗುವುದಿಲ್ಲ. ಅಮೆರಿಕದಲ್ಲಿ ಶಾಂಪಾನಿಯರ್, ಮಜಾರ್, ಏರಿಯಲಿ ಅನ್ನುವ ಮೂವರು ಒಂದು ತಮಾಷೆಯ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಮೇಜಿನ ಮೇಲೆ ಎರಡು ಚಾಕೊಲೇಟ್. ಒಳ್ಳೆಯದಕ್ಕೆ 15 ಸೆಂಟ್, ಸಾಧಾರಣದ್ದಕ್ಕೆ 1 ಸೆಂಟ್. ಕೊಂಡವರಲ್ಲಿ ಶೇ. 73 ಮಂದಿ ಒಳ್ಳೆಯದನ್ನೇ ತಗೊಂಡರು. ಆಮೇಲೆ ಎರಡಕ್ಕೂ ಒಂದೊಂದೇ ಸೆಂಟ್ ಇಳಿಸಿದರು. 14, ಮತ್ತೆ ಸೊನ್ನೆ. ಎರಡರ ನಡುವಿನ ಅಂತರ ಹಾಗೇ ಇದೆ, ಅಲ್ವಾ? ಆದರೂ ಈ ಸಲ ಶೇ. 69 ಮಂದಿ ಪುಕ್ಕಟೆಯದಕ್ಕೇ ಕೈ ಹಾಕಿದರು.

ಚಾಕೊಲೇಟಿಗೂ ಬಸ್ಸಿಗೂ ಏನು ಸಂಬಂಧ ಅಂದರೆ, ಬೆಲೆ ಅಂತ ಒಂದು ಇದ್ದರೆ ಮನಸ್ಸು ಲೆಕ್ಕಕ್ಕೆ ಕೂರುತ್ತದೆ. ಹೋಗಲೇಬೇಕಾ, ನಾಳೆ ಹೋದರೆ ಆಗಲ್ವಾ, ಯಾರಾದರೂ ಪೇಟೆಗೆ ಹೋಗುವವರ ಹತ್ತಿರ ಮಾತ್ರೆ ಹೇಳಿಕಳಿಸಿದರೆ ಸಾಲದಾ. ನಮ್ಮ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ, ಅದು ಯಾವ ಪ್ರಯೋಗದಲ್ಲೂ ಸಿಗುವುದಿಲ್ಲ: ಮಗನ ಹತ್ತಿರ ಕೇಳಬೇಕು. ಐದು ರೂಪಾಯಿ ಕೇಳುವುದಕ್ಕೂ ಐವತ್ತು ಕೇಳುವುದಕ್ಕೂ ಸಂಕೋಚ ಒಂದೇ ಅಳತೆಯದು. ದುಡ್ಡು ಕೇಳಿದರೆ ಯಾಕೆ, ಎಲ್ಲಿಗೆ ಅಂತ ಹೇಳಬೇಕು. “ಸುಮ್ನೆ, ತಂಗಿ ಮನೆಗೆ ಹೋಗಿಬರೋಣ ಅಂತ” ಅನ್ನುವ ಉತ್ತರ ಬಾಯಿಗೆ ಬರುವುದಿಲ್ಲ. ಸೊನ್ನೆ ಟಿಕೆಟ್ ಆ ಪ್ರಶ್ನೆಯನ್ನೇ ಅಳಿಸಿ ಹಾಕುತ್ತದೆ. ಅಜ್ಜಿಯರು ಈಗ ಸುಮ್ನೆ ಹೋಗಿಬರುತ್ತಿದ್ದಾರೆ. ಅಜ್ಜಂದಿರು ಕಾರಣ ಹುಡುಕುತ್ತಿದ್ದಾರೆ.

ಖರ್ಚು? ಅವತ್ತಿನ ಬಸ್ಸನ್ನೇ ನೋಡಿ. ಅರ್ಧ ಸೀಟು ಖಾಲಿ, ಬಸ್ಸು ಹೇಗಿದ್ದರೂ ಹೋಗುವುದೇ. ಜನ ತುಂಬಿದ ದೊಡ್ಡ ಬಸ್ಸಿನ ತೂಕ ಸುಮಾರು 16 ಟನ್. ಅದರ ಮೇಲೆ 60 ಕಿಲೋದ ಅಜ್ಜ ಅಂದರೆ ಶೇ. 0.4ಕ್ಕೂ ಕಮ್ಮಿ. ಡೀಸೆಲ್ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಆದರೆ ಬೆಳಗ್ಗೆ 8:30ಕ್ಕೆ ಅದೇ ಬಸ್ಸಿಗೆ ಕಾಲೇಜು ಮಕ್ಕಳು ಬಾಗಿಲಲ್ಲಿ ನೇತಾಡುವಾಗ ಒಂದು ಸೀಟಿನ ಬೆಲೆಯೇ ಬೇರೆ. ಆಗ ಇನ್ನೊಬ್ಬರು ಹತ್ತಿದರೆ ಇನ್ನೊಂದು ಬಸ್ಸು ಬಿಡಬೇಕಾಗಬಹುದು. ಇಂಗ್ಲೆಂಡಿನಲ್ಲಿ ವಾರದ ದಿನ ಬೆಳಗ್ಗೆ 9:30ರ ನಂತರ ಪಾಸ್ ನಡೆಯುವಂತೆ ಮಾಡಿದ್ದು ಇದಕ್ಕೇ. ಕಾಗದದ ಮೇಲೆ ಚೆಂದದ ನಿಯಮ. ನಮ್ಮಲ್ಲಿ ಮಾತ್ರ ತರಬೇಡಿ. ದಿನಕ್ಕೆ ಎರಡೇ ಬಸ್ಸಿರುವ ಊರಿನಲ್ಲಿ ಬೆಳಗಿನ ಬಸ್ಸಿಗೆ ಉಚಿತ ಇಲ್ಲ ಅಂದರೆ ಉಚಿತವೇ ಇಲ್ಲ ಅಂದಂತೆ. ಸರ್ಕಾರಿ ಆಸ್ಪತ್ರೆಯ ಚೀಟಿ ಸಾಲು ಬೆಳಗ್ಗೆಯೇ ಶುರುವಾಗುತ್ತದೆ.

ಮೂರನೇ ಗೋಡೆ ಇದೇ: ಬಸ್ಸೇ ಇಲ್ಲದಿರುವುದು. 1972ರಲ್ಲಿ ಹರ್ಬರ್ಟ್ ಮೋಹ್ರಿಂಗ್ ಅನ್ನುವ ಅರ್ಥಶಾಸ್ತ್ರಜ್ಞ ಒಂದು ಸರಳ ವಿಷಯ ತೋರಿಸಿದರು. ಬೇರೆ ವ್ಯಾಪಾರದಲ್ಲಿ ಗಿರಾಕಿ ಜಾಸ್ತಿಯಾದರೆ ನೂಕುನುಗ್ಗಲು. ಬಸ್ಸಿನಲ್ಲಿ ಜನ ಜಾಸ್ತಿಯಾದರೆ ಟ್ರಿಪ್ ಹೆಚ್ಚಿಸಬಹುದು, ಆಗ ಪ್ರತಿಯೊಬ್ಬರೂ ಕಾಯುವ ಸಮಯ ಇಳಿಯುತ್ತದೆ. ಹೊಸದಾಗಿ ಹತ್ತಿದವನು ಹಳಬರಿಗೂ ಉಪಕಾರ ಮಾಡಿದ ಹಾಗೆ. ಅವರ ಲೆಕ್ಕದ ಪ್ರಕಾರ ಟ್ರಿಪ್ ಏರಬೇಕಾದ್ದು ಜನರ ಸಂಖ್ಯೆಯ ವರ್ಗಮೂಲದಂತೆ: ಜನ ನಾಲ್ಕು ಪಟ್ಟಾದರೆ ಬಸ್ಸು ಎರಡು ಪಟ್ಟು.

ಈ ಚಕ್ರ ಉಲ್ಟಾ ತಿರುಗಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನ ಕಮ್ಮಿ ಅಂತ ಒಂದು ಟ್ರಿಪ್ ನಿಲ್ಲುತ್ತದೆ. ಟ್ರಿಪ್ ಇಲ್ಲ ಅಂತ ಹುಡುಗರು ಬೈಕ್ ಕೊಳ್ಳುತ್ತಾರೆ. ಬೈಕ್ ಬಂತು ಅಂತ ಜನ ಇನ್ನೂ ಕಮ್ಮಿ. ಕೊನೆಗೆ ಕೈಮರದ ಹತ್ತಿರ ಕೊಡೆ ಹಿಡಿದು ನಿಂತು ಉಳಿಯುವವರು ಬೈಕ್ ಓಡಿಸಲಾರದ ಮುದುಕರು. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ. ಶಂಕರ್ ಟ್ರಾನ್ಸ್‌ಪೋರ್ಟ್ ನಿಂತಾಗ ಅದರ ಕೆಲಸಗಾರರೇ ಒಟ್ಟಾಗಿ 1991ರಲ್ಲಿ ಕಟ್ಟಿದ ಸಂಸ್ಥೆ. ಡ್ರೈವರು, ಕಂಡಕ್ಟರೇ ಮಾಲೀಕರು. ಸುಮಾರು ಮೂರು ದಶಕ ಘಟ್ಟದ ಹಳ್ಳಿಗಳಿಗೆ ಬಸ್ಸು ಓಡಿಸಿ 2020ರ ಫೆಬ್ರುವರಿಯಲ್ಲಿ ನಿಂತಿತು. ಅದು ಹೋದ ಊರುಗಳಲ್ಲಿ ಟಿಕೆಟ್ ಉಚಿತವೋ ಅಲ್ಲವೋ ಅನ್ನುವ ಚರ್ಚೆಗೆ ಅರ್ಥವೇ ಇಲ್ಲ. ಪ್ರೈವೇಟ್ ಬಸ್ಸು ಮಾತ್ರ ಬರುವ ಊರುಗಳಲ್ಲೂ ಹಾಗೇ. ಶೂನ್ಯ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಆ ಊರಿನ ಅಜ್ಜಿಯೂ ಸರ್ಕಾರದ ಮಗಳಲ್ಲ.

ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣ ಆಗಿದೆ. ಇಷ್ಟು ಜನ ಹತ್ತಿದ್ದಾರೆ ಅಂದರೆ ಮೋಹ್ರಿಂಗ್ ಚಕ್ರ ಸರಿಯಾದ ಕಡೆ ತಿರುಗಬೇಕು. ಆದರೆ ಟಿಕೆಟ್ ದುಡ್ಡು ಜನರಿಂದ ಬರದಿದ್ದಾಗ ಸರ್ಕಾರದಿಂದ ಬರಬೇಕು, ಅದೂ ಹೊತ್ತಿಗೆ ಸರಿಯಾಗಿ. ಬರದಿದ್ದರೆ ಹೊಸ ಬಸ್ಸಿಲ್ಲ, ಹೊಸ ಟ್ರಿಪ್ಪಿಲ್ಲ, ಇದ್ದ ಬಸ್ಸಿನಲ್ಲೇ ನೂಕುನುಗ್ಗಲು. ನೂಕುನುಗ್ಗಲಲ್ಲಿ ಮೊದಲು ಹಿಂದೆ ಸರಿಯುವವರು ಮುದುಕರೇ.

ನನ್ನ ಮಟ್ಟಿಗೆ 65 ದಾಟಿದ ಗಂಡಸರಿಗೂ ಸೊನ್ನೆ ಟಿಕೆಟ್ ಕೊಡಬೇಕು. ಅಷ್ಟೇ ಅಲ್ಲ, ಸರ್ಕಾರಿ ಬಸ್ಸಿಲ್ಲದ ರೂಟಿನಲ್ಲಿ ಪ್ರೈವೇಟ್ ಬಸ್ಸಿಗೂ ದುಡ್ಡು ಕಟ್ಟಿ ಅಲ್ಲೂ ಅದೇ ಟಿಕೆಟ್ ನಡೆಯುವಂತೆ ಮಾಡಬೇಕು. ಆದರೆ ಖಜಾನೆಯಲ್ಲಿ ಒಂದಕ್ಕೇ ದುಡ್ಡಿದೆ, ಆರಿಸಿಕೋ ಅಂದರೆ ನಾನು ಟಿಕೆಟ್ ಬಿಟ್ಟು ಮಧ್ಯಾಹ್ನದ ಇನ್ನೊಂದು ಟ್ರಿಪ್ ಕೇಳುತ್ತೇನೆ, ಮೊದಲ ಮೆಟ್ಟಿಲ ಕೆಳಗೆ ಇನ್ನೊಂದು ಮಡಚುವ ಮೆಟ್ಟಿಲು ಕೇಳುತ್ತೇನೆ.

ಚಿಕ್ಕಮಗಳೂರು ಬಂತು. ಅಜ್ಜಿ ಮೊದಲು ಇಳಿದು ಚೀಲ ಇಸಿದುಕೊಂಡರು. ಅಜ್ಜ ಮುಖ ಬಸ್ಸಿನ ಕಡೆ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಏಣಿ ಇಳಿಯುವವರ ಹಾಗೆ ಹಿಮ್ಮುಖವಾಗಿ ಇಳಿದರು. ಇಳಿಯುವಾಗ ಮೈಭಾರವನ್ನು ತೊಡೆಯ ಸ್ನಾಯು ಬಿಗಿಹಿಡಿದು ನಿಧಾನಕ್ಕೆ ಬಿಡಬೇಕು, ಮುಗ್ಗರಿಸುವುದು ಅಲ್ಲೇ. ಅವರಿಗೆ ಇದನ್ನು ಯಾರೂ ಪಾಠ ಮಾಡಿರಲಿಲ್ಲ. ಕಂಡಕ್ಟರ್ ಬಾಯಲ್ಲಿ ವಿಸಿಲ್ ಇಟ್ಟುಕೊಂಡೇ ಕಾದರು. ಎರಡೂ ಕಾಲು ನೆಲಕ್ಕೆ ಊರಿದ ಮೇಲೆ ಅಜ್ಜನೇ ಬಸ್ಸಿನ ಮೈಗೆ ಎರಡು ಸಲ ತಟ್ಟಿ ಕೂಗಿದರು.

“ರೈಟ್.”