ಡಬ್ಬಿಯ ಬಣ್ಣ ಒಂದು, ಕ್ಯಾನ್ಸರ್ ಪಟ್ಟಿ ಇನ್ನೊಂದು

ಸಮುದಾಯ ಆರೋಗ್ಯ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಹೊಲ, ಭದ್ರಾ ನಾಲೆಯ ಭತ್ತದ ಗದ್ದೆ, ಹೊಸದುರ್ಗ ಕಡೆಯ ದಾಳಿಂಬೆ ತೋಟ: ಇಲ್ಲೆಲ್ಲ ಔಷಧ ಹೊಡೆಯುವವರೇ ನಾಳೆ ನಮ್ಮೆದುರು ಬಂದು ಕೂರುತ್ತಾರೆ. "ಕೆಂಪು ಗುರುತಿನದ್ದಲ್ಲ, ನೀಲಿಯದ್ದು ಹೊಡೆದೆ, ಏನೂ ಆಗುವುದಿಲ್ಲ ತಾನೇ?" ಎಂದು ಕೇಳಿದರೆ ನಾವು ತಡವರಿಸಬಾರದು.

ಕೀಟನಾಶಕ, ಕಳೆನಾಶಕಗಳ ಡಬ್ಬಿಯ ಮೇಲಿನ ಗುರುತಿನ ಬಣ್ಣ ತಕ್ಷಣದ ವಿಷತ್ವದ ಅಳತೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ದೇಹತೂಕದ ಪ್ರತಿ ಕಿಲೋಗೆ 1ರಿಂದ 50 ಮಿಲಿಗ್ರಾಂ ಸಾಕಾದರೆ ಕೆಂಪು, 500ರವರೆಗೆ ಹಳದಿ, 5,000ದವರೆಗೆ ನೀಲಿ, ಅದಕ್ಕೂ ಹೆಚ್ಚು ಬೇಕಾದರೆ ಹಸಿರು. ಇಪ್ಪತ್ತು ವರ್ಷ ಹೊಡೆದವನ ರಕ್ತಕಣಗಳಿಗೆ ಏನಾಗುತ್ತದೆ ಎಂಬುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೀಟನಾಶಕ ಅಲ್ಡಿಕಾರ್ಬ್ ಅತ್ಯುಗ್ರ ವಿಷ, ಆದರೆ ಕ್ಯಾನ್ಸರ್ ಪಟ್ಟಿಯಲ್ಲಿ ಅದು ಗುಂಪು 3, ಎಂದರೆ ವರ್ಗೀಕರಿಸಲು ಪುರಾವೆ ಸಾಲದು. ಇನ್ನೊಂದು ಕೀಟನಾಶಕ ಲಿಂಡೇನ್ ತಕ್ಷಣದ ವಿಷತ್ವದಲ್ಲಿ ಮಧ್ಯಮ ದರ್ಜೆಯದು, 2015ರಲ್ಲಿ ಗುಂಪು 1ಕ್ಕೆ ಸೇರಿತು: ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ. ಅದೇ ವರ್ಷ ಕೀಟನಾಶಕಗಳಾದ ಡಿಡಿಟಿ, ಮೆಲಾಥಿಯಾನ್ ಮತ್ತು ಕಳೆನಾಶಕ ಗ್ಲೈಫೋಸೇಟ್ 2ಎ ಗುಂಪಿಗೂ (ಬಹುಶಃ ಕ್ಯಾನ್ಸರ್ ತರುತ್ತದೆ), ಕಳೆನಾಶಕ 2,4-ಡಿ 2ಬಿ ಗುಂಪಿಗೂ (ಕ್ಯಾನ್ಸರ್ ತರುವ ಸಾಧ್ಯತೆ ಇದೆ) ಬಂದವು.

ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ. ಗುಂಪಿನ ಸಂಖ್ಯೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನು ತಿಳಿಸುತ್ತದೆ, ಎಷ್ಟು ಜನರಿಗೆ ರೋಗ ಬರುತ್ತದೆ ಎಂಬುದನ್ನಲ್ಲ. ಅದಕ್ಕೆ ಜನಸಮೂಹದ ಅಧ್ಯಯನಗಳನ್ನೇ ಓದಬೇಕು. ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾದಲ್ಲಿ 1993ರಿಂದ ನಡೆದಿರುವ ಕೃಷಿಕರ ಆರೋಗ್ಯ ಅಧ್ಯಯನ 2018ರಲ್ಲಿ 54,251 ಸಿಂಪಡಣೆದಾರರನ್ನು ಪರಿಶೀಲಿಸಿ, ಗ್ಲೈಫೋಸೇಟ್‌ಗೂ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗೂ ಸ್ಪಷ್ಟ ನಂಟು ಕಾಣಲಿಲ್ಲ ಎಂದಿತು. ಮರುವರ್ಷ ಆ ಮಾಹಿತಿಯನ್ನೂ ಸೇರಿಸಿ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಸಂಯುಕ್ತ ವಿಶ್ಲೇಷಣೆಯಲ್ಲಿ, ಅತಿ ಹೆಚ್ಚು ಸಂಪರ್ಕವಿದ್ದವರಲ್ಲಿ ಅಪಾಯ ಶೇ. 41ರಷ್ಟು ಹೆಚ್ಚು ಎಂದು ಬಂತು. ಶೇ. 41 ಎಂದರೆ ನೂರರಲ್ಲಿ ನಲವತ್ತೊಂದು ಜನರಿಗೆ ಕ್ಯಾನ್ಸರ್ ಎಂದು ಯಾರೂ ಬರೆಯಬೇಡಿ. ಜೀವಮಾನದಲ್ಲಿ ನೂರಕ್ಕೆ ಇಬ್ಬರಿಗೆ ಬರುವ ರೋಗವಾದರೆ ಅದು ಸುಮಾರು 2.8ಕ್ಕೆ ಏರುತ್ತದೆ, ಅಷ್ಟೇ. ಹಾಗೆಂದು ಇದನ್ನು ಸಣ್ಣದೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಲಕ್ಷಗಟ್ಟಲೆ ಜನ ಹೊಡೆಯುವ ಔಷಧಕ್ಕೆ ಆ 0.8 ಕೂಡ ನೂರಾರು ಮನೆಗಳ ಸಂಕಟ.

ವಿಷ ಒಳಹೋಗುವ ದಾರಿ ಮುಖ್ಯವಾಗಿ ಚರ್ಮ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಕೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಮುಂಗೈಗಿಂತ ನೆತ್ತಿ, ಹಣೆ, ವೃಷಣದ ಚರ್ಮ ಹಲವು ಪಟ್ಟು ಹೆಚ್ಚು ಹೀರುತ್ತವೆ. ಬೆನ್ನಿನ ಪಂಪು ಸೋರಿದರೆ ಒದ್ದೆಯಾಗುವುದು ಬೆನ್ನು ಮತ್ತು ತೊಡೆಸಂದು. ನೀರು ಬೆರೆಸದ ಗಟ್ಟಿ ಔಷಧವನ್ನು ಬರಿಗೈಯಲ್ಲಿ ಕಲಕುವ ಗಳಿಗೆ ಇನ್ನೂ ಕೆಟ್ಟದ್ದು. ಒಳಹೋದದ್ದು ಆಕ್ಸಿಡೀಕರಣದ ಒತ್ತಡದಿಂದ ಡಿಎನ್‌ಎಯನ್ನು ಕೆಡಿಸಬಹುದು, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬಹುದು. ಲಿಂಡೇನ್‌ನಲ್ಲಿ ಈ ಎರಡಕ್ಕೂ ಪುರಾವೆ ಇದೆ.

ರೋಗಚರಿತ್ರೆ ಬರೆದುಕೊಳ್ಳುವಾಗ "ಕೃಷಿಕ" ಎಂದಷ್ಟೇ ಬರೆದು ಮುಂದೆ ಹೋಗಬೇಡಿ. ಯಾವ ಔಷಧ, ಎಷ್ಟು ವರ್ಷ, ವರ್ಷಕ್ಕೆ ಎಷ್ಟು ದಿನ, ಕಲಕುವವರು ಯಾರು, ಆ ಬಟ್ಟೆ ಒಗೆಯುವವರು ಯಾರು ಎಂದು ಕೇಳಿ. ಹೆಸರು ನೆನಪಿಲ್ಲದಿದ್ದರೆ ಮುಂದಿನ ಸಲ ಖಾಲಿ ಡಬ್ಬಿಯ ಚೀಟಿಯ ಫೋಟೊ ತರಲು ಹೇಳಿ.